ಬಂಡೆಗಲ್ಲಿನ ಮೇಲೆ ಅರಸನ ತಪ್ಪೊಪ್ಪಿಗೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಹೊತ್ತ ಬಂಡೆಯೊಂದಿದೆ. ಅದರ ಬ್ರಾಹ್ಮಿ ಅಕ್ಷರಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅರಸರ ಶಾಸನವೆಂದರೆ ಗೆದ್ದ ನಾಡು, ಬಿಟ್ಟ ದತ್ತಿ, ಹೊತ್ತ ಬಿರುದುಗಳೇ ಕಣ್ಣಿಗೆ ಕಟ್ಟುತ್ತವೆ. ಈ ಬಂಡೆಯ ಮಾತೇ ಬೇರೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ಮನಸ್ಸಿಟ್ಟು ಶ್ರಮಿಸಲಿಲ್ಲ ಎಂದು ಚಕ್ರವರ್ತಿ ಒಪ್ಪಿಕೊಂಡಿದ್ದಾನೆ. ಬೌದ್ಧ ಸಂಘದ ಒಡನಾಟ ಬೆಳೆದ ಮೇಲಷ್ಟೇ ನಿಜವಾದ ಶ್ರಮ ಶುರುವಾಯಿತು.

ಕಳಿಂಗ ಯುದ್ಧದಲ್ಲಿ 1,00,000 ಜನ ಸತ್ತರು, 1,50,000 ಜನ ಊರುಬಿಟ್ಟು ಸಾಗಿಸಲ್ಪಟ್ಟರು ಎಂದು ಅವನದೇ 13ನೆಯ ಬಂಡೆ ಶಾಸನ ಲೆಕ್ಕ ಕೊಡುತ್ತದೆ. ಶಾಲೆಯ ಪಾಠದ ಅಶೋಕ ಆ ರಣರಂಗದಲ್ಲೇ ಬದಲಾಗಿಬಿಡುತ್ತಾನೆ. ಬ್ರಹ್ಮಗಿರಿಯ ಅಶೋಕನಿಗೆ ಕಾಲ ಹಿಡಿಯಿತು.

ಆ ಬದಲಾವಣೆ ಅರಮನೆಯ ಅಡುಗೆಮನೆಯಲ್ಲೂ ಕಾಣುತ್ತದೆ. ಹಿಂದೆ ಅಲ್ಲಿ ದಿನಕ್ಕೆ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರು ಎನ್ನುತ್ತದೆ ಮೊದಲನೆಯ ಬಂಡೆ ಶಾಸನ. ಅದನ್ನು ಬರೆಸುವ ಹೊತ್ತಿಗೆ ಉಳಿದದ್ದು ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಇಲ್ಲ. ಮುಂದೆ ಇವನ್ನೂ ಕೊಲ್ಲುವುದಿಲ್ಲ ಎಂಬ ಮಾತು ಕೊನೆಗೆ ಬರುತ್ತದೆ. ಇನ್ನೂ ಪೂರ್ತಿ ಬಿಟ್ಟಿಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಕಟ್ಟಳೆಯ ದಾರಿಯನ್ನೂ ಅವನು ಹಿಡಿದು ನೋಡಿದ. ಪಟ್ಟಾಭಿಷೇಕವಾದ 26 ವರ್ಷಗಳ ಮೇಲೆ ಗಿಳಿ, ಗೊರವಂಕ, ಬಾವಲಿ, ಆಮೆ ಮೊದಲಾದ ಜೀವಿಗಳನ್ನು ಕೊಲ್ಲಬಾರದೆಂದು ಆಜ್ಞೆ ಹೊರಡಿಸಿದ. ಮರುವರ್ಷ ಬರೆಸಿದ ಏಳನೆಯ ಸ್ತಂಭ ಶಾಸನದಲ್ಲಿ ತನ್ನ ಅನುಭವವನ್ನು ತೂಗಿನೋಡಿದ್ದಾನೆ: ಧರ್ಮ ಬೆಳೆದದ್ದು ಎರಡು ಬಗೆಯಲ್ಲಿ, ಒಂದು ನಿಯಮದಿಂದ, ಇನ್ನೊಂದು ಒಳಗಿನ ಚಿಂತನೆಯಿಂದ. ನಿಯಮದಿಂದ ಆದದ್ದು ಅಲ್ಪ, ಚಿಂತನೆಯಿಂದ ಆದದ್ದೇ ಹೆಚ್ಚು. ಇಷ್ಟೊಂದು ಅಧಿಕಾರವಿದ್ದ ದೊರೆ ತನ್ನ ಆಜ್ಞೆಗಿಂತ ಪ್ರಜೆಗಳ ಮನಸ್ಸೇ ಮಿಗಿಲೆಂದು ಕಂಡುಕೊಂಡದ್ದು ದೊಡ್ಡ ಮಾತು.

ಬ್ರಹ್ಮಗಿರಿಯ ಶಾಸನ ಹೊರಟದ್ದು ಸುವರ್ಣಗಿರಿಯಿಂದ. ಅಲ್ಲಿನ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಮೊದಲು ಇಸಿಲ ಎಂಬ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸುತ್ತಾರೆ, ಆಮೇಲೆ ದೊರೆಯ ಮಾತು ತಿಳಿಸುತ್ತಾರೆ. ಶ್ರಮಪಟ್ಟರೆ ಸಣ್ಣವರಿಗೂ ಫಲ ಸಿಗುತ್ತದೆ, ಅದು ದೊಡ್ಡವರ ಸೊತ್ತಲ್ಲ ಎಂಬ ಭರವಸೆ ಅದರಲ್ಲಿದೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹಾಕಿ, ವೃತ್ತಿಯನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದ. ದೊರೆ ಶ್ರಮಿಸದೆ ಕಳೆದ ಆ ಒಂದು ವರ್ಷವೂ ಚಪಡನ ಬರಹದಲ್ಲಿ ಹಾಗೆಯೇ ಉಳಿದಿದೆ.