ಹಳೆಯ ಪೆಟ್ಟು, ಉಳಿದ ಉದರಶೂಲೆ



ಮತ್ರಾ ಮತ್ತು ಮಸ್ಕತ್ ನಮ್ಮ ಕರಾವಳಿಗೆ ಹೊಸ ಊರುಗಳಲ್ಲ. ಹೈದರ್, ಟಿಪ್ಪುವಿನ ಕಾಲದಲ್ಲೇ ಮಂಗಳೂರಿನ ಅಕ್ಕಿ ಈ ತೀರಕ್ಕೆ ಬರುತ್ತಿತ್ತು. ಆ ಮೂಟೆಗಳನ್ನು ಹೊತ್ತು ಜಾರಿ ಬಿದ್ದವರಾರೆಂದು ನಮಗೆ ತಿಳಿಯದು. ಬಿದ್ದು ಮಡಿದವರ ಹೆಸರು ಒಮ್ಮೊಮ್ಮೆ ಉಳಿಯುತ್ತದೆ. 1913ರಲ್ಲಿ ಇದೇ ಮತ್ರಾದಲ್ಲಿ ಅಮೆರಿಕನ್ ಮಿಷನ್ನಿನ ವೈದ್ಯ ಶರಾನ್ ಥಾಮ್ಸ್ ಟೆಲಿಫೋನ್ ತಂತಿ ಎಳೆಯುತ್ತ ಕಂಬದಿಂದ ಬಿದ್ದು ತೀರಿಕೊಂಡರು. ಅವರ ಮಗ ವೆಲ್ಸ್ ಥಾಮ್ಸ್ 1939ರಲ್ಲಿ ವೈದ್ಯರಾಗಿ ಇದೇ ಊರಿಗೆ ಬಂದು 1970ರವರೆಗೆ ಸೇವೆ ಸಲ್ಲಿಸಿದರು. ಬಿದ್ದೂ ಬದುಕಿ, ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ನಡೆದವರ ವೃತ್ತಾಂತವನ್ನು ಮಾತ್ರ ವೈದ್ಯಗ್ರಂಥಗಳಲ್ಲಿಯೇ ಹುಡುಕಬೇಕು.

ಅಂಥದೊಂದನ್ನು 1579ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ ಬರೆದಿಟ್ಟನು. ಫಿರಂಗಿ ದಳದ ನಾಯಕನೊಬ್ಬನಿಗೆ ಗುಂಡು ತಗಲಿತ್ತು. ಗಾಯ ಮಾಯಿತು, ಆದರೆ ಎಂಟು ತಿಂಗಳ ಬಳಿಕ ಆತ ಉದರಶೂಲೆಯಿಂದ ಸತ್ತನು. ದೇಹವನ್ನು ತೆರೆದು ನೋಡಿದಾಗ, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯಲ್ಲಿ ಕಿರುಬೆರಳಿನ ತುದಿ ಹಿಡಿಸುವಷ್ಟೇ ರಂಧ್ರ. ಅದರಲ್ಲಿ ದೊಡ್ಡ ಕರುಳು ಸಿಕ್ಕಿ ಕೊಳೆತಿತ್ತು.

ವಪೆಯು ಉಸಿರಿನೊಡನೆ ಬಿಡುವಿಲ್ಲದೆ ಆಡುವ ಸ್ನಾಯು. ಅದು ಹರಿದರೆ ತಾನಾಗಿ ಕೂಡುವುದು ಕಷ್ಟ. ಎದೆಯೊಳಗಿನ ಒತ್ತಡ ಹೊಟ್ಟೆಯದಕ್ಕಿಂತ ಕಡಿಮೆಯಾದುದರಿಂದ ಜಠರವೋ ಕರುಳೋ ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತದೆ. ಬಲಗಡೆ ಯಕೃತ್ತು ಕಾವಲಿರುವುದರಿಂದ ಎಡಗಡೆಯಲ್ಲೇ ಇದು ಹೆಚ್ಚು. ಕೆಲವರಲ್ಲಿ ಹತ್ತಾರು ವರ್ಷಗಳ ಮೇಲೆ ತಲೆದೋರುವುದೂ ಉಂಟು. ಉಂಡ ಮೇಲೆ ಭಾರ, ತೇಗು, ಮಲಗಿದರೆ ಏದುಸಿರು: ಇವನ್ನು ನಾವು ವಾಯುವೆಂದು ಬಗೆದು ಓಮದ ಕಷಾಯ ಕುಡಿದು ಸುಮ್ಮನಾಗುತ್ತೇವೆ. (ಓಮದ ಮೇಲೆ ನಮಗೆ ದ್ವೇಷವೇನೂ ಇಲ್ಲ. ಹೊಟ್ಟೆನೋವೆಲ್ಲ ಇದೇ ಎಂದೂ ನಾವು ಹೇಳುತ್ತಿಲ್ಲ.)

ರೋಗಿ ಬದುಕಿರುವಾಗಲೇ ಇದನ್ನು ಗುರುತಿಸಿದ ಕೀರ್ತಿ 1853ರಲ್ಲಿ ಬಾಸ್ಟನ್ನಿನ ಹೆನ್ರಿ ಬೌಡಿಚ್‌ಗೆ ಸಂದಿತು. ಎದೆಯಲ್ಲಿ ಕರುಳಿನ ಗುಡುಗುಡು ಸದ್ದು ಕೇಳುವುದು ಆತ ಹೇಳಿದ ಗುರುತುಗಳಲ್ಲೊಂದು. ಕ್ಷಕಿರಣ ಬಂದದ್ದು 1895ರಲ್ಲಿ. ಇಂದು ಸಿ.ಟಿ. ಸ್ಕ್ಯಾನ್ ಇದೆ. ಆದರೆ ಹಳೆಯ ಪೆಟ್ಟಿನ ಸುದ್ದಿಯೇ ಕಿವಿಗೆ ಬೀಳದಿದ್ದರೆ ವೈದ್ಯರಿಗೆ ಇಂಥ ಶಂಕೆ ಹೇಗೆ ಮೂಡೀತು?

ಸ್ಕೂಟರಿನಿಂದ ಬಿದ್ದದ್ದು ಉಡುಪಿಯಲ್ಲಿ, ಆಸ್ಪತ್ರೆಯ ಚೀಟಿ ಉಳಿದದ್ದು ಅಲ್ಲಿಯ ಕಪಾಟಿನಲ್ಲಿ, ನೋವು ಬಂದದ್ದು ಮತ್ರಾದಲ್ಲಿ. ನೌಕರಿಗೆ ಕುತ್ತು ಬಂದೀತೆಂದು ಅಂಜಿ ಬಾಯಿಬಿಡದವರನ್ನೂ ನಾವು ಬಲ್ಲೆವು. ಆ ಚೀಟಿಯನ್ನು ಮುಂದಿನ ರಜೆಯಲ್ಲಿ ತನ್ನಿ. ಹೊಟ್ಟೆ ತಟ್ಟನೆ ಬಿಗಿದು, ವಾಂತಿಯಾಗಿ, ಉಸಿರು ಕಟ್ಟಿದಂತಾದರೆ ಬೆಳಗಾಗುವವರೆಗೆ ಕಾಯಬೇಡಿ. ಸಿಕ್ಕಿಬಿದ್ದ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯತೊಡಗುತ್ತದೆ.