ಕೋವಿಮದ್ದನ್ನು ತೂಗಿದವರ ಕಥೆ



ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪಾವು ಇದ್ದರೆ ಕೆಳಗಿಳಿಸಿ. ಅದಕ್ಕೆ ರಾಗಿ ಹಿಟ್ಟನ್ನು ಸಡಿಲವಾಗಿ ತುಂಬಿ, ಮೇಲ್ಭಾಗವನ್ನು ಸಮನಾಗಿ ಸವರಿ. ಈಗ ಪಾವನ್ನು ನಾಲ್ಕು ಬಾರಿ ನೆಲಕ್ಕೆ ಮೆಲ್ಲಗೆ ಕುಟ್ಟಿ. ಹಿಟ್ಟು ಕುಸಿದು, ಪಾವಿನಲ್ಲಿ ಇನ್ನಷ್ಟು ಹಿಟ್ಟಿಗೆ ಜಾಗವಾಗುತ್ತದೆ. ಅದೇ ಪಾವಿಗೆ ರಾಗಿ ಕಾಳನ್ನು ತುಂಬಿ ಕುಟ್ಟಿದರೆ ಕುಸಿತ ಬಹಳ ಕಡಿಮೆ. ಪಾವು ಬದಲಾಗಲಿಲ್ಲ, ಅಳೆದ ಕೈಯೂ ಬದಲಾಗಲಿಲ್ಲ. ಆದರೂ ಅಳತೆ ಬದಲಾಯಿತು!

ಅಡುಗೆಮನೆಯಲ್ಲಿ ಈ ವ್ಯತ್ಯಾಸದಿಂದ ಆಗುವ ನಷ್ಟ ಒಂದು ಮುದ್ದೆ ಗಟ್ಟಿಯಾಗುವುದು, ಅಷ್ಟೆ. ಆದರೆ ಪಾವಿನೊಳಗೆ ಇರುವುದು ಹಿಟ್ಟಲ್ಲ, ಕೋವಿಮದ್ದು ಎಂದು ಭಾವಿಸಿ. ಆಗ ಇದೇ ವ್ಯತ್ಯಾಸದಿಂದ ಗುಂಡು ಗುರಿ ತಪ್ಪಬಹುದು, ನಳಿಗೆಯೇ ಸಿಡಿದು ಹಾರಿಸಿದವನ ಪ್ರಾಣ ತೆಗೆಯಬಹುದು. ಮದ್ದನ್ನು ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಅಳೆಯುವುದು ಹೇಗೆ ಎಂಬ ಪ್ರಶ್ನೆ ಕೆಲವು ಶತಮಾನಗಳ ಕಾಲ ಸೈನಿಕರನ್ನೂ ವಿಜ್ಞಾನಿಗಳನ್ನೂ ಕಾಡಿದ್ದು ಇದರಿಂದಲೇ.

ಹಳೆಯ ಕೋವಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ. ಯೂರೋಪಿನಲ್ಲಿ ಮೊದಮೊದಲು ಇದನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಬಳಸುತ್ತಿದ್ದರು. ಬಂಡಿಯಲ್ಲಿ ಸಾಗಿಸುವಾಗ ಕುಲುಕಾಟಕ್ಕೆ ಮೂರೂ ವಸ್ತುಗಳು ಬೇರೆ ಬೇರೆಯಾಗುತ್ತಿದ್ದವು. ನಳಿಗೆಗೆ ತುಂಬಿದಾಗ ಒಮ್ಮೆ ಸಡಿಲ, ಒಮ್ಮೆ ಗಟ್ಟಿ. 15ನೆಯ ಶತಮಾನದಲ್ಲಿ ಮದ್ದನ್ನು ಒದ್ದೆ ಮಾಡಿ, ಒಣಗಿಸಿ, ಕಾಳು ಕಾಳಾಗಿ ಮಾಡುವ ವಿಧಾನ ಬಳಕೆಗೆ ಬಂದಿತು. ನಿಮ್ಮ ಪಾವಿನ ಪ್ರಯೋಗದಲ್ಲಿ ಹಿಟ್ಟಿಗೂ ಕಾಳಿಗೂ ಕಂಡ ವ್ಯತ್ಯಾಸವನ್ನು ನೆನೆಯಿರಿ. ಕಾಳುಮದ್ದು ಅಳತೆಗೆ ಸಿಕ್ಕಿತು. ಕಾಳುಗಳ ನಡುವಿನ ಸಂದಿನಲ್ಲಿ ಬೆಂಕಿ ಸಮನಾಗಿ ಹರಡಿತು.

17ನೆಯ ಶತಮಾನದ ಯೂರೋಪಿನ ಸಿಪಾಯಿಗಳು ಎದೆಗೆ ಅಡ್ಡಲಾಗಿ ಒಂದು ಪಟ್ಟಿ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಸಾಮಾನ್ಯವಾಗಿ ಹನ್ನೆರಡು ಪುಟ್ಟ ಮರದ ಕುಪ್ಪಿಗಳು. ಒಂದೊಂದು ಕುಪ್ಪಿಯಲ್ಲಿ ಒಂದು ಹೊಡೆತಕ್ಕೆ ಬೇಕಾದಷ್ಟೇ ಮದ್ದು. ಯುದ್ಧದ ಗದ್ದಲದಲ್ಲಿ ಅಳೆಯುತ್ತ ನಿಲ್ಲಲು ಯಾರಿಗೆ ಪುರಸೊತ್ತು? ಶಾಂತವಾಗಿದ್ದಾಗಲೇ ಅಳೆದಿಟ್ಟುಕೊಳ್ಳುವ ಉಪಾಯವಿದು. ಮುಂದೆ ಈ ಕುಪ್ಪಿಗಳ ಸ್ಥಾನಕ್ಕೆ ಕಾಗದದ ತೋಟಾ ಬಂದಿತು.

ಇಷ್ಟಾದರೂ ಇನ್ನೊಂದು ತೊಡಕು ಉಳಿದಿತ್ತು. ಅಳತೆ ಒಂದೇ ಆದರೂ ಮದ್ದಿನ ಗುಣ ಒಂದೇ ಇರಬೇಕಲ್ಲ? ಫ್ರಾನ್ಸಿನ ಸರ್ಕಾರ 1686ರಲ್ಲಿ ಒಂದು ನಿಯಮ ಮಾಡಿತು. 3 ಔನ್ಸ್ ಮದ್ದನ್ನು ತೂಗಿ ಒಂದು ಗಿಡ್ಡ ಫಿರಂಗಿಗೆ ಹಾಕಬೇಕು. ಅದು 60 ಪೌಂಡಿನ ಗುಂಡನ್ನು ಗೊತ್ತುಪಡಿಸಿದ ದೂರಕ್ಕೆ ಎಸೆಯಬೇಕು. ಎಸೆಯದಿದ್ದರೆ ಆ ಮದ್ದು ನಪಾಸು. ಆದರೆ ಗುಂಡು ಎಷ್ಟು ದೂರ ಬಿತ್ತೆಂದು ತಿಳಿಯುತ್ತಿತ್ತೇ ಹೊರತು, ನಳಿಗೆಯ ಬಾಯಿಂದ ಎಷ್ಟು ವೇಗದಲ್ಲಿ ಹೊರಟಿತೆಂದು ತಿಳಿಯುತ್ತಿರಲಿಲ್ಲ.

ಆ ವೇಗವನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಒಂದು ಸರಳ ಉಪಕರಣದ ವಿವರವಿದೆ. ತೂಗುಬಿಟ್ಟ ಒಂದು ಭಾರವಾದ ಲೋಲಕ, ಅದಕ್ಕೊಂದು ಮರದ ಹಲಗೆ. ಗುಂಡು ಹಲಗೆಗೆ ನಾಟಿಕೊಂಡಾಗ ಲೋಲಕ ಹಿಂದಕ್ಕೆ ತೂಗುತ್ತದೆ; ಎಷ್ಟು ತೂಗಿತೆಂಬುದನ್ನು ಅದಕ್ಕೆ ಕಟ್ಟಿದ ಪಟ್ಟಿ ಹೇಳುತ್ತದೆ. ನೀವು ಓದಿರುವ ಸಂವೇಗ ಸಂರಕ್ಷಣೆಯ ನಿಯಮವೇ ಇಲ್ಲಿ ಕೆಲಸ ಮಾಡುವುದು. ಸರಳವಾಗಿ ಹೇಳುವುದಾದರೆ, ಲೋಲಕ ಗುಂಡಿಗಿಂತ 700 ಪಟ್ಟು ಭಾರವಿದ್ದರೆ ಅದರ ವೇಗ ಗುಂಡಿನ ವೇಗದ ಸುಮಾರು 700ರಲ್ಲಿ ಒಂದು ಭಾಗ. ಕಣ್ಣಿಗೆ ಕಾಣದಷ್ಟು ವೇಗದ ಗುಂಡು, ಕಣ್ಣಿಗೆ ಕಾಣುವ ನಿಧಾನದ ತೂಗಾಟವಾಗಿ ಮಾರ್ಪಟ್ಟಿತು! ಕೋವಿಯ ಗುಂಡು ಸೆಕೆಂಡಿಗೆ 1,600 ಅಡಿಗೂ ಹೆಚ್ಚು ವೇಗದಲ್ಲಿ ಹೊರಡಬಲ್ಲದು, ಗಾಳಿಯ ತಡೆ ಆವರೆಗೆ ಜನ ನಂಬಿದ್ದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಇದರಿಂದ ತಿಳಿಯಿತು. 1745ರಲ್ಲಿ ಮಹಾ ಗಣಿತಜ್ಞ ಆಯ್ಲರ್ ಈ ಪುಸ್ತಕವನ್ನು ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ತಂದ.

ಈ ರಾಬಿನ್ಸ್ ನಮ್ಮ ನೆರೆಯಲ್ಲೇ ತೀರಿಕೊಂಡನೆಂದರೆ ನಿಮಗೆ ಆಶ್ಚರ್ಯವಾದೀತು. ಈಸ್ಟ್ ಇಂಡಿಯಾ ಕಂಪೆನಿ ತನ್ನ ಕೋಟೆಗಳನ್ನು ಬಲಪಡಿಸಲು ಅವನನ್ನು ಭಾರತಕ್ಕೆ ಕಳುಹಿಸಿತು. 1751ರಲ್ಲಿ, ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ಅವನ ಬದುಕು ಮುಗಿಯಿತು. ಆಗ ಅವನಿಗೆ ಇನ್ನೂ 44 ವರ್ಷ.

ಅವನ ಲೋಲಕ ಮಾತ್ರ ನಿಲ್ಲಲಿಲ್ಲ. ಇಂಗ್ಲೆಂಡಿನ ವುಲಿಚ್‌ನಲ್ಲಿ ಚಾರ್ಲ್ಸ್ ಹಟನ್ 1775ರಲ್ಲಿ ಸಣ್ಣ ಫಿರಂಗಿಗಳಿಂದ ಲೋಲಕಕ್ಕೆ ಗುಂಡು ಹಾರಿಸಿ ಲೆಕ್ಕ ಬರೆದ. ಗುಂಡಿನ ವೇಗ, ಮದ್ದಿನ ತೂಕದ ವರ್ಗಮೂಲಕ್ಕೆ ಹೆಚ್ಚುಕಡಿಮೆ ಅನುಪಾತದಲ್ಲಿದೆ ಎಂಬುದನ್ನು ಕಂಡುಕೊಂಡ. ಅಂದರೆ ಮದ್ದನ್ನು ನಾಲ್ಕು ಪಟ್ಟು ಮಾಡಿದರೆ ವೇಗ ಎರಡೇ ಪಟ್ಟು. ಈ ಕೆಲಸಕ್ಕೆ 1778ರಲ್ಲಿ ಅವನಿಗೆ ಕಾಪ್ಲಿ ಪದಕ ದೊರೆಯಿತು. ಸ್ವಲ್ಪ ಯೋಚಿಸಿ. ಮದ್ದನ್ನು ಅವನು ಒಮ್ಮೆ ಕುಲುಕಿ, ಒಮ್ಮೆ ಕುಲುಕದೆ ಅಳೆದಿದ್ದರೆ ಈ ನಿಯಮ ಅವನ ಕಣ್ಣಿಗೆ ಬೀಳುತ್ತಿತ್ತೇ?

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆರಹಿತ ಮದ್ದನ್ನು ತಯಾರಿಸಿದ. ಇದು ಹಳೆಯ ಕರಿಮದ್ದಿಗಿಂತ ಬಹಳ ಶಕ್ತಿಶಾಲಿ. ನೀಲಗಿರಿಯ ಅರುವಂಕಾಡಿನ ಕಾರ್ಖಾನೆ 20ನೆಯ ಶತಮಾನದ ಆರಂಭದಲ್ಲಿ ತಲೆಯೆತ್ತಿದ್ದು ಇದೇ ಬಗೆಯ ಮದ್ದಾದ ಕಾರ್ಡೈಟ್ ತಯಾರಿಸಲಿಕ್ಕಾಗಿ. ಇಷ್ಟರಲ್ಲಿ ಅಮೆರಿಕದ ಬೇಟೆಗಾರರು, ಗುರಿಕಾರರು ಖಾಲಿ ಹಿತ್ತಾಳೆ ತೋಟಾಗಳಿಗೆ ಮನೆಯಲ್ಲೇ ಮರಳಿ ಮದ್ದು ತುಂಬುವ ರೂಢಿ ಮಾಡಿಕೊಂಡಿದ್ದರು. ಕರಿಮದ್ದಿನ ಕಾಲದಲ್ಲಿ ತೋಟಾ ತುಂಬಿತೆಂದರೆ ಅಳತೆ ಮುಗಿಯಿತು. ಹೊಸ ಮದ್ದು ಎಷ್ಟೋ ವೇಳೆ ತೋಟಾದ ಒಂದು ಭಾಗವನ್ನಷ್ಟೇ ತುಂಬುತ್ತಿತ್ತು. ಮರೆತು ಎರಡನೆಯ ಸಲ ಹಾಕಿದರೂ ಒಳಗೆ ಹಿಡಿಸುತ್ತಿತ್ತು! ಅಂಥ ತೋಟಾ ಕೋವಿಯನ್ನೇ ಛಿದ್ರಮಾಡಬಲ್ಲದು. ಹೀಗಾಗಿ ಚಮಚದ ಅಳತೆಯನ್ನು ತಕ್ಕಡಿಯಿಂದ ತಾಳೆ ನೋಡುವುದು ಅನಿವಾರ್ಯವಾಯಿತು. ಅವರ ಮಾನ ಗ್ರೇನ್. 7,000 ಗ್ರೇನ್‌ಗೆ ಒಂದು ಪೌಂಡ್. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಸುಮಾರು ಎರಡು ಗ್ರೇನ್‌ಗೆ ಸಮ. ಅಲ್ಲಿ ಧಾನ್ಯದ ಕಾಳು, ಇಲ್ಲಿ ಕಾಡಿನ ಬೀಜ. ಸೂಕ್ಷ್ಮ ತೂಕಕ್ಕೆ ಎರಡೂ ಕಡೆ ಬೀಜವೇ ಆಧಾರ.

ನಾನು ಬಿ.ಎಸ್‌ಸಿ. ಓದುತ್ತಿದ್ದಾಗ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಂದೇ ವಸ್ತುವನ್ನು ಮೂರು ಸಲ ತೂಗಬೇಕಾಗಿತ್ತು. ನಾನು ಒಂದೇ ಸಲ ತೂಗಿ, ಅದೇ ಅಂಕೆಯನ್ನು ಮೂರು ಸಲ ಬರೆದೆ. ಮೇಷ್ಟ್ರು ಪುಸ್ತಕ ನೋಡಿ, "ನಾಲ್ಕನೇ ದಶಮಾಂಶದವರೆಗೂ ಮೂರು ಸಲ ಒಂದೇ ಬಂತೇನಪ್ಪಾ? ನನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ನನಗೆ ಹಾಗೆ ಬಂದಿಲ್ಲ" ಎಂದರು. ಬೈಯಲಿಲ್ಲ. ಪುಸ್ತಕ ಹಿಂದಕ್ಕೆ ಕೊಟ್ಟು ಮುಂದಿನ ಮೇಜಿಗೆ ಹೋದರು. ರಾಬಿನ್ಸ್, ಹಟನ್ ಮೊದಲಾದವರ ಬಗ್ಗೆ ಓದುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಅಳತೆಗಳು ಸ್ವಲ್ಪ ಹೆಚ್ಚುಕಡಿಮೆ ಬರುವುದು ತಪ್ಪಲ್ಲ. ಆ ಹೆಚ್ಚುಕಡಿಮೆಯನ್ನು ಬಚ್ಚಿಟ್ಟರೆ ಮಾತ್ರ ಅದರ ಕಾರಣ ಎಂದೂ ತಿಳಿಯುವುದಿಲ್ಲ.

ಕೊನೆಗೊಂದು ಮಾತು. ಮದ್ದಿನ ತಂಟೆಗೆ ನೀವು ಹೋಗಬೇಡಿ. ಅದು ಅಪಾಯ, ಪರವಾನಗಿಯಿಲ್ಲದೆ ಕಾನೂನಿಗೂ ವಿರುದ್ಧ. ಆದರೆ ರಾಬಿನ್ಸನ ಲೋಲಕಕ್ಕೆ ಮದ್ದು ಬೇಕಾಗಿಲ್ಲ. ಒಂದು ಮರದ ತುಂಡನ್ನು ದಾರದಿಂದ ತೂಗುಬಿಡಿ. ತೂಗಿಟ್ಟ ಹಸಿ ಜೇಡಿಮಣ್ಣಿನ ಉಂಡೆಯನ್ನು ಅದಕ್ಕೆ ಅಂಟಿಕೊಳ್ಳುವಂತೆ ಎಸೆಯಿರಿ. ತುಂಡು ಎಷ್ಟು ಎತ್ತರಕ್ಕೆ ಏರಿತೆಂದು ಗುರುತು ಹಾಕಿ, ಉಂಡೆಯ ವೇಗವನ್ನು ಲೆಕ್ಕ ಹಾಕಿ. ಹತ್ತು ಸಲ ಮಾಡಿ. ಹತ್ತು ಉತ್ತರಗಳೂ ಬೇರೆ ಬೇರೆ ಬಂದರೆ ಹಾಗೆಯೇ ಬರೆದುಕೊಂಡು, ಏಕೆ ಎಂದು ನಿಮ್ಮ ಮೇಷ್ಟ್ರೊಡನೆ ಚರ್ಚಿಸಿ.