ಬಾಚಿಯಿಂದ ಹ್ಯಾಕ್ಸಾದವರೆಗೆ: ನಮ್ಮೂರ ಹತ್ಯಾರುಗಳ ಚರಿತ್ರೆ

ನಮ್ಮ ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ, ಮನೆಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿರುವ ಹತ್ಯಾರುಗಳ ಚರಿತ್ರೆಯನ್ನೂ ನಾಲ್ಕು ಮಾತಿನಲ್ಲಿ ಹೇಳುವ ಅಂತ ನಮಗೆ ಅನ್ನಿಸಿತು.

ಪಡುಬಿದ್ರಿಯ ಆಸುಪಾಸಿನಲ್ಲಿ ಹಿಂದೆ ಮುಳಿಹುಲ್ಲಿನ, ಮಡಲಿನ ಮಾಡುಗಳೇ ಹೆಚ್ಚು. ಬಿದಿರು, ಅಡಿಕೆ ಸಲಕೆ ಕಟ್ಟಲು ಕತ್ತಿ, ಕೊಡಲಿ ಇದ್ದರೆ ಸಾಕಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳು ನಿಧಾನವಾಗಿ ಕೆಂಪಾದವು. ಹಂಚುಗಳೆಲ್ಲ ಒಂದೇ ಅಳತೆ. ರೀಪು ಸೊಟ್ಟಗಿದ್ದರೆ ಹಂಚು ಕೂರುವುದಿಲ್ಲ, ಆಟಿಯ ಮಳೆ ಒಳಗೆ. ಹೀಗಾಗಿ ನೇರವಾಗಿ ಕೊಯ್ದ ಪಕ್ಕಾಸು, ರೀಪು ಬೇಕಾಯಿತು. ಬಾಚಿಯ ಜೊತೆಗೆ ಗರಗಸಕ್ಕೂ ಕೀಸುಳಿಗೂ ಕೆಲಸ ಹೆಚ್ಚಿತು.

ಆಚಾರ್ರಿಗೆ ಗರಗಸ ಅಂದರೆ ಒಂದೇ ಅಲ್ಲ. ಮರದ ಉದ್ದಕ್ಕೆ ಸೀಳುವ ಗರಗಸದ ಹಲ್ಲು ಪುಟ್ಟ ಉಳಿಯ ಹಾಗೆ. ಅಡ್ಡ ಕೊಯ್ಯುವುದರ ಹಲ್ಲು ಚೂರಿಯ ತುದಿಯ ಹಾಗೆ. ಹಸಿಮರಕ್ಕೆ ಹಲ್ಲನ್ನು ಎರಡೂ ಬದಿಗೆ ತುಸು ಹೆಚ್ಚು ಬಾಗಿಸಬೇಕು, ಇಲ್ಲವಾದರೆ ಅಲಗು ಸಿಕ್ಕಿಕೊಳ್ಳುತ್ತದೆ. ಅರ ಹಿಡಿದು ಹಲ್ಲು ಹರಿತ ಮಾಡುವುದೂ ಒಂದು ವಿದ್ಯೆಯೇ.

ಮುಂದೆ ಪಂಪು, ಕಬ್ಬಿಣದ ಪೈಪು, ಗೇಟು ಬಂದವು. ಹ್ಯಾಕ್ಸಾ ಬ್ಲೇಡು ಮನೆಮನೆಗೆ ಬಂತು. ಅದರಲ್ಲೂ ಇಂಚಿಗೆ 18, 24, 32 ಹಲ್ಲು ಅಂತ ಬೇರೆ ಬೇರೆ ಇವೆ. ದಪ್ಪ, ಮೆದು ಲೋಹಕ್ಕೆ 18; ಸಾಮಾನ್ಯ ಕೆಲಸಕ್ಕೆ 24; ತೆಳು ತಗಡು, ತೆಳು ಪೈಪಿಗೆ 32. ಕೊಯ್ಯುವಾಗ ಎರಡು ಮೂರು ಹಲ್ಲಾದರೂ ಲೋಹದ ಮೇಲಿರಬೇಕು. ಒಂದೇ ಹಲ್ಲು ಸಿಕ್ಕಿದರೆ ಅದು ಮುರಿಯುತ್ತದೆ. ಹಲ್ಲಿನ ಮುಖ ಮುಂದಕ್ಕಿರಲಿ, ದೂಡುವಾಗ ಭಾರ ಹಾಕಿ, ಎಳೆಯುವಾಗ ಸಡಿಲ ಬಿಡಿ.

ಕೊನೆಗೆ ಪಿ.ವಿ.ಸಿ. ಪೈಪು ಬಂತು. ಹಗುರ, ತುಕ್ಕು ಹಿಡಿಯುವುದಿಲ್ಲ ಅಂತ ನಾವೂ ಹಿಗ್ಗಿದೆವು. ನಮ್ಮ ತೋಟದ ಪೈಪನ್ನು ಮರ ಕೊಯ್ಯುವ ದೊಡ್ಡ ಹಲ್ಲಿನ ಗರಗಸದಲ್ಲೇ ಕೊಯ್ದೆವು. ಬಾಯಿ ಸೊಟ್ಟ, ಅಂಚೆಲ್ಲ ಚಿಂದಿ. ಅಂಟು ಹಚ್ಚಿ ಕೂರಿಸಿದ ಜೋಡಣೆ ಪಂಪು ಹಾಕಿದ ಕೂಡಲೇ ಸೋರಿತು. ಬೇಸಗೆಯ ಬಾವಿನೀರು ಗಿಡದ ಬುಡಕ್ಕೆ ಹೋಗದೆ ದಾರಿಯಲ್ಲೇ ಹೋಯಿತು ಮಾರಾಯ್ರೇ! ಸಣ್ಣ ಹಲ್ಲಿನ ಬ್ಲೇಡಿನಿಂದ ನಿಧಾನವಾಗಿ ನೇರ ಕೊಯ್ದು, ಒಳಗಿನ ಸಿಬಿರು ತೆಗೆದು, ಹೊರ ಅಂಚನ್ನು ಅರದಿಂದ ತುಸು ಇಳಿಜಾರು ಮಾಡಿದ್ದರೆ ಆ ನಷ್ಟ ಆಗುತ್ತಿರಲಿಲ್ಲ. ಅವಸರದಿಂದ ಉಜ್ಜಿದರೂ ತೊಂದರೆಯೇ: ಪ್ಲಾಸ್ಟಿಕ್ಕು ಬಿಸಿಗೆ ಮೆತ್ತಗಾಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಮಾತು, ಹಿಡಿ ಇಲ್ಲದ ಅರವನ್ನು ಯಾರೂ ಮುಟ್ಟಬೇಡಿ. ಅದರ ಬಾಲ ಅಂಗೈಗೆ ಹೊಕ್ಕೀತು.

ಚರಿತ್ರೆ ಕಲಿಸಿದ್ದು ಇಷ್ಟೇ: ಊರಿಗೆ ಹೊಸ ವಸ್ತು ಬಂದಾಗಲೆಲ್ಲ ಅದಕ್ಕೆ ತಕ್ಕ ಹತ್ಯಾರೂ ಬೇಕು, ಅದನ್ನು ಬಳಸುವ ವಿದ್ಯೆಯೂ ಬೇಕು. ನಾವು ವಸ್ತುವನ್ನು ಮಾತ್ರ ತಂದೆವು. ಈಗ ಕರೆಂಟಿನ ಯಂತ್ರಗಳು ಬಂದು, ಗರಗಸ ಹರಿತ ಮಾಡಬಲ್ಲ ಹಿರಿಯ ಕೈಗಳು ಊರಲ್ಲಿ ಕಡಿಮೆಯಾಗುತ್ತಿವೆ.

ವರ್ಷಕ್ಕೊಮ್ಮೆ ಬೇಕಾಗುವ ಹತ್ಯಾರನ್ನು ಪ್ರತಿ ಮನೆಯವರೂ ಕೊಳ್ಳಬೇಕೆಂದಿಲ್ಲ. ಸಂಘದಲ್ಲೇ ಒಂದು ಪೆಟ್ಟಿಗೆ ಇಟ್ಟು ಸದಸ್ಯರಿಗೆ ಎರವಲು ಕೊಡಬಹುದು. ಹಿರಿಯ ಆಚಾರ್ರನ್ನು ಕರೆಸಿ ಮಕ್ಕಳಿಗೆ ಎರಡು ದಿನ ಕಲಿಸಬಹುದು. ಒಬ್ಬನಿಂದಾಗದ್ದು ಹತ್ತು ಜನರಿಂದಾದೀತು ಅಂತಲೇ ಅಲ್ಲವೇ ನಾವು ಸಂಘ ಕಟ್ಟಿದ್ದು? ಸದಸ್ಯ ಬಂಧುಗಳು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಕೆಂದು ನಮ್ಮ ವಿನಂತಿ.